ಗುರುವಾರ ಕಾರು ಮಡಿಯಲ್ಲಿರುತ್ತದೆ

ಕಾರಿಗೂ ಮಡಿ ಇರುತ್ತದೆಂದು ನಿಮಗೆ ಗೊತ್ತಿತ್ತೇ?

ನನಗಂತೂ ಗೊತ್ತಿರಲಿಲ್ಲ. ಅಡುಗೆಮನೆಗೆ ಮಡಿ ಉಂಟು, ದೇವರ ಕೋಣೆಗೆ ಉಂಟು, ನಮ್ಮ ಅಜ್ಜಿಗಂತೂ ಹಗಲೂ ರಾತ್ರಿ ಇತ್ತು. ಆದರೆ ಪವರ್ ಸ್ಟೀರಿಂಗ್, ಏಸಿ, ರಿವರ್ಸ್ ಕ್ಯಾಮೆರಾ ಎಲ್ಲ ಇರುವ ಏಳು ಸೀಟಿನ ಕಾರೊಂದು ವಾರಕ್ಕೊಮ್ಮೆ ಮಡಿಯಲ್ಲಿ ನಿಲ್ಲುತ್ತದೆ ಎನ್ನುವುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ತಿಳಿದ ದಿನ ನೆತ್ತಿಗೇರಿದ ಪಿತ್ತ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನು ವಿಪರೀತ ಮರ್ಯಾದಸ್ಥಳಾಗಿಬಿಡುತ್ತೇನೆ, ಆಮೇಲೆ ಏನೂ ಬರೆಯಲಾಗುವುದಿಲ್ಲ.

ಮೊದಲು ದಾಸು. ಈ ಅಂಕಣದ ಹಳೆಯ ಓದುಗರಿಗೆ ಅವನು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ದಾಸು ನಮ್ಮ ಮನೆಯ ನಾಯಿ. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಬಡಾವಣೆಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಗಟಾರದ ಬದಿಯಲ್ಲಿ ಒಂದು ಮಳೆಗಾಲ ಕುಂಯ್‌ಗುಡುತ್ತ ಕೂತಿದ್ದ ಮರಿ. ಈಗ ನೋಡಿದರೆ ಎಮ್ಮೆಕರು. ಮೈಯೆಲ್ಲ ಕಾಡಿಗೆ ಕಪ್ಪು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು ಬಿದ್ದಿದೆ. "ಬ್ರೀಡ್ ಯಾವುದು?" ಎಂದು ಯಾರಾದರೂ ಕೇಳಿದರೆ ನನ್ನ ಮಗಳು ಮೇಘಾ ಮುಖ ಗಂಭೀರ ಮಾಡಿಕೊಂಡು "ಡೊಂಬಿವಲಿಕರ್" ಎನ್ನುತ್ತಾಳೆ. ಕೇಳಿದವರು ಹೌದೇನೋ ಎಂದು ತಲೆಯಾಡಿಸಿ ಹೋಗುತ್ತಾರೆ.

ಇನ್ನು ದೇಶಪಾಂಡೆ ರಾಯರು. ನಮ್ಮ ಬಿಲ್ಡಿಂಗಿನದೇ ಎರಡನೆಯ ಮಹಡಿ. ನಿವೃತ್ತ ಎಂಜಿನಿಯರ್. ಅಫಜಲಪುರದ ಕಡೆಯವರು. ಮಹಾರಾಷ್ಟ್ರಕ್ಕೆ ಬಂದು ಕೂದಲು ನರೆತರೂ ಬಾಯಲ್ಲಿ ಊರಿನ ಕನ್ನಡ ಹಾಗೇ ಇದೆ. ದತ್ತಗುರುವಿನ ಪರಮ ಭಕ್ತರು. ವರ್ಷಕ್ಕೊಮ್ಮೆ ಗಾಣಗಾಪುರ, ವಾರಕ್ಕೊಮ್ಮೆ ನವಿ ಮುಂಬಯಿಯ ನೆರೂಳ್. ಅವರ ಭಜನಾ ಮಂಡಳಿಯವರೊಬ್ಬರ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಆರತಿ ನಡೆಯುತ್ತದೆ. ಮಂಡಳಿಯ ಬೆಳ್ಳಿಯ ಪಾದುಕೆಗಳು ಇರುವುದು ರಾಯರ ದೇವರಮನೆಯಲ್ಲಿ. ಅವನ್ನು ಒಯ್ಯುವ, ತರುವ ಜವಾಬ್ದಾರಿ ಅವರದು. ಪಾದುಕೆ ಮುಂದಿನ ಸೀಟಿನಲ್ಲಿ, ರಾಯರು ಡ್ರೈವಿಂಗ್ ಸೀಟಿನಲ್ಲಿ, ಹಿಂದೆ ಎರಡು ಸಾಲು ಖಾಲಿ. (ರಾಯರ ಮನೆಯವರಿಗೆ ಮಂಡಿನೋವು, ಕಾರು ಹತ್ತಿ ಇಳಿಯುವುದು ಆಗುವುದಿಲ್ಲ.)

ಆ ಕಾರಿನ ಹಿಂದಿನ ಗಾಜಿನ ತುಂಬ ದತ್ತನ ಸ್ಟಿಕರ್. ಮೂರು ಮುಖ, ಹಿಂದೆ ಹಸು, ಪಾದದ ಬಳಿ ನಾಲ್ಕು ನಾಯಿಗಳು. "ನಾಕು ನಾಯಿ ಅಂದ್ರ ನಾಕು ವೇದರೀ ವೈನಿ," ಎಂದು ನನಗೆ ಅರ್ಥ ಬಿಡಿಸಿ ಹೇಳಿದವರೂ ಅವರೇ. ನಾನು ಇಲ್ಲೇ ಠಾಣೆಯ ಕೋಪರಿಯಲ್ಲಿ ಹುಟ್ಟಿ ಬೆಳೆದ ಉಡುಪಿ ಕಡೆಯವಳು. ನಮ್ಮಲ್ಲಿ ಕೃಷ್ಣ, ಭೂತ, ನಾಗ. ದತ್ತನ ವಿಷಯ ನನಗೆ ಗೊತ್ತಾದದ್ದೆಲ್ಲ ರಾಯರಿಂದ.

ಗುರುವಾರ ಮಧ್ಯಾಹ್ನ ನೈವೇದ್ಯ ಆದ ಮೇಲೆ ನಾಯಿಗೆ ಒಂದು ತುತ್ತು ಹಾಕದೆ ರಾಯರು ಊಟಕ್ಕೆ ಕೂರುವುದಿಲ್ಲ. ಕರಿ ನಾಯಿಯಾದರೆ ಇನ್ನೂ ಶ್ರೇಷ್ಠವಂತೆ. ಬಿಲ್ಡಿಂಗಿನಲ್ಲೇ ಕರಿ ನಾಯಿ ಇರುವಾಗ ಬೀದಿ ಸುತ್ತುವುದೇಕೆ? ಹಾಗಾಗಿ ಗುರುವಾರ ಮಧ್ಯಾಹ್ನ ನಮ್ಮ ಮನೆಯ ಬೆಲ್ ಆದರೆ ಅದು ರಾಯರೇ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತುಪ್ಪ ಸವರಿದ ಚಪಾತಿ, ಒಂದು ಚೂರು ಬೆಲ್ಲ. "ದಾಸಪ್ಪ ಎಲ್ಲಿದ್ದಾನ್ರಿ?" ದಾಸುವಿಗೆ ವಾರದ ಉಳಿದ ದಿನಗಳು ಗೊತ್ತಿವೆಯೋ ಇಲ್ಲವೋ, ಗುರುವಾರ ಮಾತ್ರ ಪಕ್ಕಾ ಗೊತ್ತು. ಹನ್ನೆರಡು ಹೊಡೆದರೆ ಬಾಗಿಲಿನ ಬುಡದಲ್ಲಿ ಕೂತಿರುತ್ತಾನೆ.

ರಾಯರು ಕೆಟ್ಟವರಲ್ಲ. ನಮ್ಮ ಯಜಮಾನರಿಗೆ ಡೆಂಗೀ ಆದಾಗ ಆಸ್ಪತ್ರೆಗೆ ದಿನಾ ಗಂಜಿ ತಂದುಕೊಟ್ಟವರು. ನನ್ನ ಸಿಟ್ಟಿಗೆ ಅದೇ ಕಾರಣ. ಕೆಟ್ಟವರ ಮೇಲೆ ಸಿಟ್ಟು ಮಾಡಿ ಏನು ಸುಖ ಹೇಳಿ?

ಈಗ ಆ ಗುರುವಾರಕ್ಕೆ ಬನ್ನಿ.

ಬೆಳಗ್ಗೆ ಮೇಘಾ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. ನಾಯಿ ಸಾಕಿದವರದೊಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಮೆಸೇಜು. ಬೇಲಾಪುರದ ಒಂದು ಕ್ಲಿನಿಕ್ಕಿನಲ್ಲಿ ಪುಟ್ಟಿ ಎಂಬ ನಾಯಿ ಮಲಗಿದೆ. ಉಣ್ಣಿ ಜ್ವರ. ರಕ್ತ ಪೂರಾ ಇಳಿದುಹೋಗಿದೆ. ತುರ್ತಾಗಿ ರಕ್ತ ಬೇಕು. ಆರೋಗ್ಯವಾಗಿರುವ, ದೊಡ್ಡ ಮೈಕಟ್ಟಿನ, ಲಸಿಕೆ ಎಲ್ಲ ಸರಿಯಾಗಿ ಆಗಿರುವ ನಾಯಿ ಯಾರ ಮನೆಯಲ್ಲಾದರೂ ಇದೆಯೇ?

(ನಾಯಿಗೂ ನಾಯಿ ರಕ್ತ ಕೊಡುತ್ತದೆಯೇ ಎಂದು ಕೇಳಬೇಡಿ. ಕೊಡುತ್ತದೆ. ನಮ್ಮ ಹಾಗೆಯೇ. ನಮ್ಮ ಹಾಗೆ ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಳ್ಳುವುದಿಲ್ಲ, ಅಷ್ಟೇ.)

"ಮಮ್ಮಾ, ಅಪನಾ ದಾಸು ದೇ ಸಕತಾ ಹೈ ನಾ?" ಎಂದಳು, ನಮ್ಮ ದಾಸು ಕೊಡಬಹುದಲ್ಲ ಎಂದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಬರುವುದು. ನಾನು ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಕನ್ನಡದ ಹುಡುಗಿ! ಚೈತ್ರಾ ಅಂತ. ಮೈಸೂರಿನವಳು, ಐರೋಲಿಯಲ್ಲಿ ಕೆಲಸ, ಬೇಲಾಪುರದಲ್ಲಿ ಒಬ್ಬಳೇ ಬಾಡಿಗೆ ಮನೆಯಲ್ಲಿದ್ದಾಳೆ. ಒಬ್ಬಳೇ ಅಂದರೆ ಅವಳು ಮತ್ತು ಪುಟ್ಟಿ.

"ಆಂಟಿ, ಬೆಳಗ್ಗೆ ಒಂದು ನಾಯಿ ಬಂದಿತ್ತು ಆಂಟಿ, ಅದರ ರಕ್ತ ಮ್ಯಾಚ್ ಆಗ್ಲಿಲ್ಲ. ನಿಮ್ಮ ದಾಸುದು ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ಒಂದ್ಸಲ ಬರ್ತೀರಾ? ಪ್ಲೀಸ್?"

ಬರುತ್ತೇನೆ ಅಂದೆ. ಕ್ಲಿನಿಕ್ಕಿನ ಡಾಕ್ಟರು ಫೋನಿನಲ್ಲೇ ಹೇಳಿದರು: ಮಧ್ಯಾಹ್ನ ಪರೀಕ್ಷೆಗೆ ಬೇಕಾದ ಸಾಮಾನು ಬರುತ್ತದೆ, ಸಂಜೆಯೊಳಗೆ ದಾಸು ಇಲ್ಲಿರಬೇಕು. ಅಲ್ಲಿಯವರೆಗೆ ಅವನಿಗೆ ಏನೂ ತಿನ್ನಿಸಬೇಡಿ, ನೀರು ಮಾತ್ರ.

ಹನ್ನೆರಡಕ್ಕೆ ಸರಿಯಾಗಿ ಬೆಲ್ ಆಯಿತು.

"ಇವತ್ತು ಬೇಡ ರಾಯರೇ, ದಾಸುವಿಗೆ ಉಪವಾಸ," ಎಂದೆ.

ರಾಯರು ತಟ್ಟೆ ಹಿಡಿದುಕೊಂಡು ನಿಂತುಬಿಟ್ಟರು. "ನಾಯೀಗೆ ಉಪವಾಸೇನ್ರಿ? ಅದೂ ಗುರುವಾರ?"

ಹೀಗೆ ಹೀಗೆ, ಬೇಲಾಪುರ, ರಕ್ತ, ಸಂಜೆಯೊಳಗೆ ಎಂದು ಎಲ್ಲ ಹೇಳಿದೆ. ಅವರ ಕಣ್ಣು ನಿಜಕ್ಕೂ ತುಂಬಿಬಂತು. "ರಕ್ತದಾನ! ಎಂಥಾ ಪುಣ್ಯಾತ್ಮ ನೋಡ್ರಿ ನಿಮ್ಮ ದಾಸಪ್ಪ! ಹಿಂದಿನ ಜನ್ಮದಾಗ ಯಾವ ಸಾಧೂ ಆಗಿದ್ದನೋ ಏನೋ." ಸುಳ್ಳಲ್ಲ, ತಟ್ಟೆಯನ್ನು ಶೂ ಸ್ಟ್ಯಾಂಡಿನ ಮೇಲಿಟ್ಟು ದಾಸುವಿಗೆ ಎರಡೂ ಕೈ ಜೋಡಿಸಿದರು. ದಾಸುವಿಗೆ ಪುಣ್ಯ ಬೇಕಿರಲಿಲ್ಲ, ಚಪಾತಿ ಬೇಕಿತ್ತು. ರಾಯರು ಅದನ್ನು ಕೆಳಗಿನ ಬೀದಿನಾಯಿಗೆ ಹಾಕಲು ಹೋದಾಗ ಲಿಫ್ಟಿನವರೆಗೂ ಮೂಗು ಎತ್ತಿಕೊಂಡು ಹೋಗಿ ವಾಪಸು ಬಂದ.

ನಮ್ಮ ಯಜಮಾನರು ಹಿಂದಿನ ದಿನವೇ ಕಾರು ತೆಗೆದುಕೊಂಡು ಆಫೀಸಿನ ಕೆಲಸಕ್ಕೆ ನಾಸಿಕ್‌ಗೆ ಹೋಗಿದ್ದರು. ಪರವಾಗಿಲ್ಲ, ಕ್ಯಾಬ್ ಇದೆಯಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮೊದಲನೆಯ ಡ್ರೈವರ್ ಫೋನಿನಲ್ಲೇ ಕೇಳಿದ, "ಲಗೇಜ್ ಹೈ ಕ್ಯಾ?" ಇಲ್ಲ, ನಾಯಿ ಇದೆ ಅಂದೆ. ಕಟ್. ಕ್ಯಾನ್ಸಲ್. ಎರಡನೆಯವನಿಗೆ ಹೇಳಲಿಲ್ಲ. ಅವನು ಗೇಟಿನವರೆಗೆ ಬಂದ, ದಾಸುವನ್ನು ನೋಡಿದ, ಚಿರತೆಯೇ ಬಂತೋ ಎನ್ನುವ ಹಾಗೆ ಗಾಜು ಏರಿಸಿದ. ಮೂರನೆಯವನು ಕಾರು ನಿಲ್ಲಿಸಿ, "ಮೇಡಂ, ಕುತ್ತಾ ನಹೀ ಚಲೇಗಾ," ಎಂದು ಕೈಯಾಡಿಸಿದ. ಅವನ ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ಪ್ಲಾಸ್ಟಿಕ್ ನಾಯಿ ಕೂತಿತ್ತು. ಅವನು ಬೇಡ ಬೇಡ ಎನ್ನುತ್ತಿದ್ದರೆ ಅದು ಹೌದು ಹೌದು ಎನ್ನುತ್ತಿತ್ತು.

ಹೆಚ್ಚು ಹಣ ಕೊಡುತ್ತೇನೆ, ಬೆಡ್‌ಶೀಟ್ ಹಾಸುತ್ತೇನೆ, ಕಾಲ ಬಳಿಯೇ ಕೂರಿಸಿಕೊಳ್ಳುತ್ತೇನೆ ಎಂದೆಲ್ಲ ಗೋಗರೆದೆ. ಕೇಳುವವರು ಯಾರು? ನ್ಯಾಯವಾಗಿ ಹೇಳಬೇಕೆಂದರೆ ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮುಂದಿನ ಗಿರಾಕಿ ಸೀಟಿನಲ್ಲಿ ಒಂದು ಕೂದಲು ಕಂಡರೆ ಸ್ಟಾರ್ ಕಡಿಮೆ ಕೊಡುತ್ತಾನೆ. ಅದು ಹೊಟ್ಟೆಪಾಡು. ನಾಯಿ ಸಾಕಿದ ನಮ್ಮವರಲ್ಲೂ ಕೆಲವರು ಇದ್ದಾರೆ, ಬೇರೆಯವರ ಗಾಡಿಯ ಸೀಟು ಗಲೀಜು ಮಾಡಿಸಿ "ಸೋ ಕ್ಯೂಟ್" ಎಂದು ಇಳಿದು ಹೋಗುತ್ತಾರೆ. ಅವರ ಪಾಪಕ್ಕೆ ನಮಗೆ ಶಿಕ್ಷೆ. ಆಟೋದವರು ಬೇಲಾಪುರ ಎಂದರೆ ನಗುತ್ತಾರೆ. ಇನ್ನು ಲೋಕಲ್ ಟ್ರೇನಿನ ಮಾತು ಬಿಡಿ. ಡೊಂಬಿವಲಿಯಲ್ಲಿ ಮನುಷ್ಯರೇ ಒಳಗೆ ಹೋಗುವುದು ಹಿಂದಿನವರು ತಳ್ಳಿದರೆ.

ಅಷ್ಟರಲ್ಲಿ ಚೈತ್ರಾಳ ಫೋನು. "ಆಂಟಿ, ಹೊರಟ್ರಾ? ಪುಟ್ಟಿ ಒಸಡು ಬೆಳ್ಳಗಾಗ್ತಿದೆ. ಡಾಕ್ಟರ್ ಬೇಗ ಅಂತಿದಾರೆ."

"ಹೊರಟೆ ಮಗಾ, ಹೊರಟೆ," ಎಂದು ಗೇಟಿನಲ್ಲೇ ನಿಂತು ಸುಳ್ಳು ಹೇಳಿದೆ.

ತಿರುಗಿ ನೋಡಿದರೆ ಪಾರ್ಕಿಂಗಿನಲ್ಲಿ ರಾಯರು. ಸ್ನಾನ ಮಾಡಿ, ಪಂಚೆ ಉಟ್ಟು, ಹೊಸ ಬಟ್ಟೆಯಿಂದ ಕಾರಿನ ಗಾಜು ಒರೆಸುತ್ತಿದ್ದಾರೆ. ನನ್ನ ಎದೆ ತಂಪಾಯಿತು. ಅಯ್ಯೋ ದೇವರೇ, ನೆರೂಳಿಗೆ ಹೋಗುವ ಕಾರು! ಬೇಲಾಪುರದ ದಾರಿಯಲ್ಲೇ! ಇದು ಯಾಕೆ ನನಗೆ ಮೊದಲೇ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡು ಓಡಿದೆ. ಕೇಳಿದರೆ ಸಾಕು, ಅವರೇ ಬಾಗಿಲು ತೆರೆಯುತ್ತಾರೆ ಎನ್ನುವುದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಮೂರು ಗಂಟೆ ಹಿಂದೆ ದಾಸುವಿಗೆ ಕೈಮುಗಿದವರಲ್ಲವೇ?

"ರಾಯರೇ, ಕ್ಯಾಬ್‌ನವರು ಕೈಕೊಟ್ಟರು. ನಮ್ಮಿಬ್ಬರನ್ನು ನೆರೂಳಿನ ತನಕ ಬಿಡಿ. ಅಲ್ಲಿಂದ ನಾನು ಹೇಗಾದರೂ ಹೋಗುತ್ತೇನೆ."

ರಾಯರ ಕೈಯಲ್ಲಿದ್ದ ಬಟ್ಟೆ ನಿಂತಿತು. ಮುಖದ ಮೇಲೆ ನೋವು. ನಿಜವಾದ ನೋವು, ನಾಟಕವಲ್ಲ.

"ವೈನಿ, ನಿಮಗ ಇಲ್ಲ ಅನ್ನಾಕ ನನಗ ಮನಸ ಬರೂದಿಲ್ರಿ. ಆದ್ರ ಇವತ್ತ ಗುರುವಾರ. ಗಾಡಿ ಮಡೀಲೆ ಅದ."

"ಕಾರು ಮಡಿಯಲ್ಲಿದೆಯೇ?"

"ಹೂಂರೀ. ಪಾದುಕಾ ಒಯ್ಯೂದು ಇರ್ತದಲ್ರಿ? ಮುಂಜಾನೆ ತೊಳದು, ಒಳಗ ಗಂಗಾಜಲ ಸಿಂಪಡಿಸಿ ಇಟ್ಟಿರ್ತೀನಿ. ನಮ್ಮ ಮಗ ಬಂದಾಗೂ ಜಳಕಾ ಮಾಡದ ಒಳಗ ಕೂಡ್ಸಂಗಿಲ್ಲ ನೋಡ್ರಿ."

"ದಾಸುವಿಗೂ ಸ್ನಾನ ಮಾಡಿಸುತ್ತೇನೆ ರಾಯರೇ. ಈಗಲೇ. ಇಲ್ಲೇ, ಪೈಪಿನ ಕೆಳಗೆ."

"ಹಂಗಲ್ರೀ ವೈನಿ..."

"ಕೊನೆಯ ಸೀಟಿನಲ್ಲಿ? ಕೆಳಗೆ? ನನ್ನದೇ ಶಾಲು ಹಾಸುತ್ತೇನೆ."

"ಹಂಗಲ್ರೀ. ನಾಯಿ ಅಂದ್ರ ಕಡೀಕ ನಾಯೀನ ಅಲ್ರಿ?"

"ಡಿಕ್ಕಿಯಲ್ಲಿ?" ಇದನ್ನು ಕೇಳುವಾಗ ನನಗೇ ನಾಚಿಕೆಯಾಯಿತು. ಆ ಬಿಸಿಲಿನಲ್ಲಿ ದಾಸುವನ್ನು ಡಿಕ್ಕಿಗೆ ಹಾಕುವ ಮಾತು ನನ್ನ ಬಾಯಲ್ಲಿ ಬಂತಲ್ಲ!

"ಡಿಕ್ಕಿನೂ ಗಾಡೀದ ಭಾಗನ ಅಲ್ರಿ," ಎಂದರು ರಾಯರು. ಎಂಜಿನಿಯರ್ ಅಲ್ಲವೇ, ಲೆಕ್ಕಾಚಾರ ಸರಿ ಇತ್ತು.

ದಾಸು ಅಷ್ಟರಲ್ಲಿ ಅವರ ಕಾಲ ಬಳಿ ಹೋಗಿ ಬಾಲ ಆಡಿಸಿದ. ಮಧ್ಯಾಹ್ನದ ಚಪಾತಿಯ ಬಾಕಿ ನೆನಪಾಗಿರಬೇಕು. ರಾಯರು ಪಂಚೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಸ್ನಾನ ಆಗಿತ್ತಲ್ಲ. "ನಿಮ್ಮ ಕೆಲಸ ಆಗ್ತದ್ರಿ ವೈನಿ. ನಾ ಆರತಿ ಹೊತ್ತಿಗೆ ಆ ನಾಯೀ ಹೆಸರಲೇ ಬೇಡಕೋತೀನಿ." ಪಾದುಕೆಗಳನ್ನು ರೇಷ್ಮೆ ವಸ್ತ್ರದಲ್ಲಿ ಮುಂದಿನ ಸೀಟಿಗೆ ಇಟ್ಟು, ಅದಕ್ಕೆ ಬೆಲ್ಟ್ ಕೂಡ ಹಾಕಿ, ಹೊರಟೇಬಿಟ್ಟರು.

ಹೇಳಿ, ಇದಕ್ಕೆ ಏನನ್ನಬೇಕು?

ಲೋಕಲ್ ಟ್ರೇನಿನಲ್ಲಿ ಓಡಾಡಿದವರಿಗೆ ಗೊತ್ತು, ನಮ್ಮ ಊರಿನ ಒಂದೇ ಧರ್ಮ ಅಡ್ಜಸ್ಟ್. ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವಳಿಗೆ ಅರ್ಧ ಕುಂಡೆಯ ಜಾಗ ಮಾಡಿಕೊಡದವರು ಇಲ್ಲಿ ಬದುಕಲಾರರು. ಕಳವಾ ಸ್ಟೇಷನ್ನಿನಲ್ಲಿ ಹೆಂಗಸರು ನುಗ್ಗುವಾಗ ಕೂತವರು ಬೈಯುತ್ತಾರೆ, ಬೈಯುತ್ತ ಬೈಯುತ್ತಲೇ ಸರಿದು ಜಾಗ ಕೊಡುತ್ತಾರೆ. ಜಾತಿ ಕೇಳುವುದಿಲ್ಲ, ಸ್ನಾನ ಮಾಡಿದ್ದೀಯಾ ಎಂದು ಕೇಳುವುದಿಲ್ಲ. ಇಂಥ ಊರಿನಲ್ಲಿ ಏಳು ಸೀಟಿನ ಕಾರು ಒಬ್ಬರೇ ಒಬ್ಬರನ್ನು ಹೊತ್ತು ಹೊರಟಿತು, ಮತ್ತು ಅದರಲ್ಲಿ ಜಾಗ ಇರಲಿಲ್ಲ! ಸೀಟು ಇತ್ತು, ಜಾಗ ಇರಲಿಲ್ಲ. ಅವರಿಗೆ ನಾಯಿಯೆಂದರೆ ಅಸಹ್ಯ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಎಷ್ಟೋ ಜನರಿಗೆ ಅಸಹ್ಯ, ಕೆಲವರಿಗೆ ಹೆದರಿಕೆ, ಕೆಲವರಿಗೆ ಮೂಗಿನಲ್ಲಿ ಸೀನು. ಅದು ಅವರವರ ಹಣೆಬರಹ. ಆದರೆ ಇವರಿಗೆ ಪುಣ್ಯ ಬೇಕಾದಾಗ ನಾಯಿ ಬೇಕು, ನಾಯಿಗೆ ಬೇಕಾದಾಗ ಮಡಿ!

ಸರಿ, ಕಣ್ಣೊರೆಸಿಕೊಂಡು ಸುಧಾಕರಣ್ಣನಿಗೆ ಫೋನ್ ಮಾಡಿದೆ. ನನ್ನ ದೊಡ್ಡಮ್ಮನ ಮಗ. ಕಲ್ಯಾಣ್‌ನಲ್ಲಿ ಹೋಟೆಲು ಇಟ್ಟುಕೊಂಡಿದ್ದಾನೆ. ಅವನನ್ನು ಮೊದಲೇ ಕೇಳಲಿಲ್ಲ, ಏಕೆಂದರೆ ಕಲ್ಯಾಣ್ ಇರುವುದು ಉಲ್ಟಾ ದಿಕ್ಕಿನಲ್ಲಿ. ಮೇಲಾಗಿ ಸಂಜೆಯ ಚಹಾದ ಹೊತ್ತಿನಲ್ಲಿ ಹೋಟೆಲಿನವರನ್ನು ಗಲ್ಲಾದಿಂದ ಎಬ್ಬಿಸುವುದೂ ಒಂದೇ, ಮಂಗಳಾರತಿಯ ನಡುವೆ ಭಟ್ಟರನ್ನು ಎಬ್ಬಿಸುವುದೂ ಒಂದೇ.

"ಎಂತ ಮಾರಾಯ್ತಿ, ಇದನ್ನು ಬೆಳಗ್ಗೆಯೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದು ಒಮ್ಮೆ ಬೈದ. ಅಷ್ಟೇ. ಗಲ್ಲಾಕ್ಕೆ ಮೇನೇಜರನನ್ನು ಕೂರಿಸಿ ಹೊರಟ. ನಾಯಿ ಎಷ್ಟು ದೊಡ್ಡದು, ಕಚ್ಚುತ್ತದಾ, ಕೂದಲು ಬೀಳುತ್ತದಾ, ಒಂದೂ ಕೇಳಲಿಲ್ಲ. ಆದರೆ ಪತ್ರಿ ಪೂಲ್ ಸೇತುವೆಯ ಜಾಮ್ ದಾಟಿ ಅವನು ನಮ್ಮ ಗೇಟಿಗೆ ಬರುವಾಗ ಬಿಸಿಲು ಇಳಿದಿತ್ತು.

ಕಾರಿನೊಳಗೆ ಈರುಳ್ಳಿಯ ಘಮ. ಸೀಟಿನ ಮೇಲೆ ಹೋಟೆಲಿನ ಹಳೆಯ ಟೇಬಲ್ ಬಟ್ಟೆ ಹಾಸಿದ್ದ. ಪಕ್ಕದಲ್ಲಿ ಎರಡು ಪೊಟ್ಟಣ. "ಗೋಳಿಬಜೆ ನಿಂಗೆ. ಬೇಯಿಸಿದ ಮೊಟ್ಟೆ ಅವನಿಗೆ."

"ಅವನಿಗೆ ಏನೂ ಕೊಡಬಾರದು ಅಣ್ಣ, ಡಾಕ್ಟರು ಹೇಳಿದ್ದಾರೆ."

"ಹೊಟ್ಟೆಗಿಲ್ಲದೆ ರಕ್ತ ಕೊಡ್ಲಿಕ್ಕುಂಟಾ? ಯಾವ ಡಾಕ್ಟರು ಅದು?" ಎಂದು ಸುಧಾಕರಣ್ಣ ದಾರಿಯುದ್ದಕ್ಕೂ ಗೊಣಗಿದ. ಹೋಟೆಲಿನವನಿಗೆ ಉಪವಾಸದಷ್ಟು ದೊಡ್ಡ ಅನ್ಯಾಯ ಬೇರೆ ಇಲ್ಲ. ಕೊನೆಗೆ, "ಕೊಟ್ಟಾದ ಮೇಲಾದ್ರೂ ತಿನ್ಲಿಕ್ಕೆ ಬಿಡ್ತಾರಲ್ಲ?" ಎಂದು ಪೊಟ್ಟಣವನ್ನು ಮುಂದಿನ ಡ್ರಾವರಿನಲ್ಲಿ ಇಟ್ಟ.

ಶಿಳ್‌ಫಾಟಾ ಜಂಕ್ಷನ್ ಯಾವತ್ತಿನ ಹಾಗೇ ಇತ್ತು. ಮುಂದೆ ಟ್ರೇಲರ್, ಹಿಂದೆ ಟ್ಯಾಂಕರ್, ನಡುವೆ ನಾವು. ದಾಸು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಪಕ್ಕದ ಕಾರಿನ ಮಹಾಶಯನೊಬ್ಬ ಗಾಜು ಇಳಿಸಿ ನಕ್ಕ, "ಕ್ಯಾ ಬಾತ್ ಹೈ, ಕುತ್ತೇ ಕೋ ಭೀ ಏಸಿ!"

"ಡ್ಯೂಟಿ ಪೇ ಜಾ ರಹಾ ಹೈ ಭಾಯ್," ಎಂದ ಸುಧಾಕರಣ್ಣ, "ಆಪ್ ಕಹಾಂ ಜಾ ರಹೇ ಹೋ?" ಮಹಾಶಯ ಗಾಜು ಏರಿಸಿದ.

ಚೈತ್ರಾಳ ಫೋನು ಮತ್ತೆ ಬಂತು. ಮತ್ತೆ. ಪ್ರತಿ ಸಲ ಅವಳ ಧ್ವನಿ ಸಣ್ಣದಾಗುತ್ತಿತ್ತು. "ಎಲ್ಲಿದ್ದೀರಾ ಆಂಟಿ?" ಮಹಾಪೆ ಮಗಾ. "ಎಲ್ಲಿದ್ದೀರಾ ಆಂಟಿ?" ತುರ್ಭೆ ಮಗಾ, ಬಂದೇಬಿಟ್ಟೆವು. ನೆರೂಳ್ ದಾಟುವಾಗ ಎಲ್ಲೋ ಒಂದು ಬಿಲ್ಡಿಂಗಿನಲ್ಲಿ ಆರತಿ ನಡೆಯುತ್ತಿರಬೇಕು, ಅದರಲ್ಲಿ ಪುಟ್ಟಿಯ ಹೆಸರಿನಲ್ಲಿ ರಾಯರು ಬೇಡಿಕೊಳ್ಳುತ್ತಿರಬೇಕು ಎಂದು ನೆನಪಾಯಿತು. ಹಲ್ಲು ಕಚ್ಚಿ ಕೂತೆ. ಆಮೇಲೆ ಫೋನು ಬರಲಿಲ್ಲ. ಬರದಿದ್ದದ್ದು ಒಳ್ಳೆಯದಕ್ಕೇ ಎಂದುಕೊಂಡೆ, ಹುಚ್ಚಿ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಚೈತ್ರಾ ಕೂತಿದ್ದಳು. ಹಿಂದೆಂದೂ ನೋಡಿರದಿದ್ದರೂ ಅವಳೇ ಎಂದು ಗೊತ್ತಾಯಿತು. ಕೈಯಲ್ಲಿ ಒಂದು ಕೆಂಪು ಬೆಲ್ಟು ಇತ್ತು, ಅದರ ತುದಿಯಲ್ಲಿ ಯಾರೂ ಇರಲಿಲ್ಲ.

ಡಾಕ್ಟರು ಹೊರಗೆ ಬಂದು ನನಗೆ ಸಮಾಧಾನ ಹೇಳಿದರು. ಸ್ವಲ್ಪ ಹೊತ್ತಿನ ಹಿಂದೆ ಹೋಯಿತಂತೆ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. "ಹೇಳೋಕಾಗಲ್ಲ. ಟ್ರೈ ಮಾಡಬಹುದಿತ್ತು," ಎಂದರು. ಅಷ್ಟೇ ಅವರು ಹೇಳಿದ್ದು. ಅದಕ್ಕಿಂತ ಹೆಚ್ಚು ನಾನೂ ಬರೆಯುವುದಿಲ್ಲ. ಆದರೆ 'ಟ್ರೈ ಮಾಡಬಹುದಿತ್ತು' ಎನ್ನುವ ಮಾತನ್ನು ನನ್ನ ಕಿವಿಯಿಂದ ತೆಗೆಯುವವರು ಯಾರು?

ಚೈತ್ರಾ ಎದ್ದು ಬಂದು ದಾಸುವಿನ ಮುಂದೆ ಮಂಡಿಯೂರಿ ಕೂತಳು. ಅವನ ಜೋತುಬಿದ್ದ ಕಿವಿಯನ್ನು ಸವರಿದಳು. ಬೇರೆ ದಿನವಾದರೆ ಹೊಸಬರನ್ನು ಕಂಡು ಕುಣಿದು ಕುಪ್ಪಳಿಸುವವನು ಅವಳ ಭುಜದ ಮೇಲೆ ಗದ್ದ ಇಟ್ಟು ಸುಮ್ಮನೆ ನಿಂತ. ಅವಳು ಜೋರಾಗಿ ಅತ್ತಳು. ಅಳಲಿ ಎಂದು ಬಿಟ್ಟೆ. ನನ್ನ ಕಣ್ಣೀರೂ ನಿಲ್ಲಲಿಲ್ಲ. ಸುಧಾಕರಣ್ಣ ಅತ್ತ ತಿರುಗಿ ಮೂಗು ಒರೆಸಿಕೊಂಡ.

ಎಷ್ಟೋ ಹೊತ್ತಾದ ಮೇಲೆ ಅವಳು ಕೇಳಿದ ಮೊದಲ ಮಾತು ಏನು ಗೊತ್ತೇ? "ಬೆಳಗ್ಗಿಂದ ಏನೂ ತಿಂದಿಲ್ಲ ಅಲ್ವಾ ಆಂಟಿ, ಇವ್ನು? ಪುಟ್ಟಿಗೋಸ್ಕರ?"

ಸುಧಾಕರಣ್ಣ ಓಡಿಹೋಗಿ ಪೊಟ್ಟಣ ತಂದ. ಅವಳೇ ಮೊಟ್ಟೆಯನ್ನು ಮುರಿದು, ಚೂರು ಚೂರು ಮಾಡಿ, ಅಂಗೈಯಲ್ಲಿಟ್ಟು ದಾಸುವಿಗೆ ತಿನ್ನಿಸಿದಳು. ಅಂಗೈ ನೆಕ್ಕಿಸಿಕೊಂಡಳು. ಕೈ ಒರೆಸಿಕೊಳ್ಳಲೂ ಇಲ್ಲ.

ಅವಳನ್ನು ಕಾರಿನಲ್ಲಿ ಮನೆಯವರೆಗೆ ಬಿಟ್ಟೆವು. ಹಿಂದಿನ ಸೀಟಿನಲ್ಲಿ ನಾವು ಮೂವರು, ನಡುವೆ ದಾಸು. ಜಾಗ ಬೇಕಾದಷ್ಟಿತ್ತು.

ಮನೆಗೆ ಬಂದ ಮೇಲೆ ನನಗೆ ಜಗಳವಾಡಬೇಕು ಅನ್ನಿಸಿತು. ಎರಡನೇ ಮಹಡಿಗೆ ಹೋಗಿ ಬಾಗಿಲು ಬಡಿದು ಕೂಗಾಡಬೇಕು ಅನ್ನಿಸಿತು. ನಾಸಿಕ್‌ನಿಂದ ಬಂದ ಯಜಮಾನರು, "ವಯಸ್ಸಾದವರು, ಅವರ ನಂಬಿಕೆ, ಬಿಡು," ಎಂದರು. ಈ 'ಬಿಡು' ಎನ್ನುವ ಶಬ್ದ ಯಾವಾಗಲೂ ಹೆಂಗಸರಿಗೇ ಏಕೆ ಹೇಳುತ್ತಾರೆ? ನಂಬಿಕೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಏಕಾದಶಿ ಮಾಡುತ್ತೇನೆ, ನಾಗರ ಪಂಚಮಿಗೆ ನಾಗನಿಗೆ ಹಾಲಿನ ತನು ಎರೆಸುತ್ತೇನೆ. ಗುರುವಿನ ಪಾದುಕೆ ಶುದ್ಧವಾಗಿರಬೇಕು ಎನ್ನುವುದೂ ನನಗೆ ಗೊತ್ತು. ಆದರೆ ಜೀವ ಉಳಿಸಲು ಹೊರಟ ಪ್ರಾಣಿ ಕೂತರೆ ಯಾವ ಪಾದುಕೆ ಮೈಲಿಗೆಯಾಗುತ್ತದೆ? ಪಾದುಕೆಯ ಒಡೆಯನನ್ನು ಕೇಳಿದ್ದರೆ ಏನೆನ್ನುತ್ತಿದ್ದ? ಕೆಳಗಿಳಿದು ತನ್ನ ಸೀಟನ್ನೇ ಬಿಟ್ಟುಕೊಡುತ್ತಿರಲಿಲ್ಲವೇ?

ಮುಂದಿನ ಗುರುವಾರ. ಹನ್ನೆರಡು ಗಂಟೆ. ಬೆಲ್.

ತಟ್ಟೆ, ತುಪ್ಪದ ಚಪಾತಿ, ಬೆಲ್ಲದ ಚೂರು. "ವೈನಿ, ಏನಾತ್ರಿ ಆ ನಾಯೀದು? ಉಳೀತಿಲ್ಲೋ?"

"ಇಲ್ಲ."

"ಚ್ ಚ್ ಚ್. ಪಾಪ." ರಾಯರು ಕಣ್ಣು ಮುಚ್ಚಿ ತೆರೆದರು. "ದತ್ತಗುರು ಇಚ್ಛಾ. ನಮ್ಮ ಕೈಯಾಗ ಏನದ ಹೇಳ್ರಿ?"

ನಿಮ್ಮ ಕೈಯಲ್ಲಿ ಕಾರಿನ ಕೀ ಇತ್ತು ರಾಯರೇ! ಮಾತು ನಾಲಿಗೆಯ ತುದಿಗೆ ಬಂತು. ಬಾಗಿಲು ಹಾಕಿಬಿಡಬೇಕೆಂದು ಚಿಲಕದ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ನನ್ನ ಕಾಲ ಸಂದಿಯಿಂದ ದಾಸು ನುಸುಳಿಕೊಂಡು ಹೋಗಿ, ರಾಯರ ಮುಂದೆ ಕೂತು, ಬಾಲದಿಂದ ನೆಲ ಗುಡಿಸತೊಡಗಿದ. ಮಾನ ಮರ್ಯಾದೆ ಇಲ್ಲದ ಜಾತಿ! ಚಪಾತಿ ಎರಡೇ ತುತ್ತಿಗೆ ಮಾಯವಾಯಿತು. ರಾಯರು ಬಗ್ಗಿ, ಮುಟ್ಟದೆ, ಗಾಳಿಯಲ್ಲೇ ಅವನ ತಲೆ ಸವರಿದರು. "ಮೂಕ ಪ್ರಾಣಿ. ಎಲ್ಲಾ ತಿಳೀತದ ನೋಡ್ರಿ ಅದಕ," ಎಂದು ಸಂತೃಪ್ತರಾಗಿ ಇಳಿದು ಹೋದರು.

ದಾಸು ಕ್ಷಮಿಸಿಬಿಟ್ಟಿದ್ದ. ಅವನು ನಾಯಿ, ಕ್ಷಮಿಸಬಲ್ಲ. ನನಗೆ ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬರಬೇಕು?

ಮೂರರ ಹೊತ್ತಿಗೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ರಾಯರು ಪಾದುಕೆಗಳನ್ನು ಮುಂದಿನ ಸೀಟಿಗಿಟ್ಟು ಬೆಲ್ಟ್ ಹಾಕಿದರು. ಕಾರು ರಿವರ್ಸ್ ಬಂದು ನನ್ನ ಕಡೆ ಬೆನ್ನು ಮಾಡಿ ನಿಂತಿತು. ತೊಳೆದ ಗಾಜು ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ದತ್ತನ ಪಾದದ ಬಳಿಯ ನಾಯಿಗಳಲ್ಲಿ, ಬಲಗಡೆಯಿಂದ ಎರಡನೆಯದು ಅಚ್ಚ ಕಪ್ಪು. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಬಟ್ಟೆ ಕೈಯಲ್ಲೇ ಹಿಡಿದು, ಇಡೀ ಸೊಸೈಟಿಗೆ ಕೇಳಿಸುವ ಹಾಗೆ ಕೂಗಿದೆ:

"ರಾಯರೇ, ಗಾಡಿ ಮಡಿಯಲ್ಲಿದೆಯಲ್ಲ, ಮತ್ತೆ ಹಿಂದಿನ ಗಾಜಿನ ಮೇಲೆ ಕೂತಿರುವ ಆ ನಾಲ್ವರನ್ನು ಯಾವಾಗ ಇಳಿಸುತ್ತೀರಿ?"